ಸ್ಕ್ಯಾನರ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದರೂ ಒಬ್ಬ ಸ್ಕ್ಯಾನರ್ ರಾಯರು ಸಿಕ್ಕೇ ಸಿಗುತ್ತಾರೆ. ಸಂಬಳ ಬರುವುದು ಬ್ಯಾಂಕಿನಿಂದಲೋ ಸಾಫ್ಟ್‌ವೇರ್ ಕಂಪನಿಯಿಂದಲೋ. ಬಿಡುವಿದ್ದಾಗಲೆಲ್ಲ ತಲೆ ಮಾತ್ರ ಕಂಡವರ ಕಾರಿನ ಸ್ಟೀರಿಂಗ್ ಕೆಳಗೆ. 2013ರ ಏಪ್ರಿಲ್‌ನಿಂದ ನಮ್ಮ ದೇಶದ ಕಾರುಗಳಿಗೆ ಓಬಿಡಿ, ಅಂದರೆ ಇಂಜಿನ್ನಿನ ದೋಷವನ್ನು ಕಾರೇ ಗುರುತಿಸಿ ಕೋಡಾಗಿ ಬರೆದಿಡುವ ವ್ಯವಸ್ಥೆಯ ಎರಡನೇ ಹಂತ ಕಡ್ಡಾಯವಾಯಿತು. ರಾಯರ ಸಂತತಿ ಹೆಚ್ಚಿದ್ದೂ ಅಲ್ಲಿಂದೀಚೆಗೇ ಇರಬೇಕು. ಯಾರದೋ ಕಾರಿನಲ್ಲಿ ಹಳದಿ ದೀಪ ಹೊತ್ತಿದೆಯೆಂದು ಕಿವಿಗೆ ಬಿದ್ದರೆ ಸಾಕು, ಅಂಗೈಯಲ್ಲಿ ಅಡಗುವ ಬ್ಲೂಟೂತ್ ಸ್ಕ್ಯಾನರ್ ಜೇಬಿನಿಂದ ಹೊರಟು ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿ ಕೂರುತ್ತದೆ. ಮೊಬೈಲಿನಲ್ಲಿ ಪಿ 0016 ಎಂಬ ಕೋಡ್ ಮೂಡುತ್ತದೆ. “ಟೈಮಿಂಗ್ ಚೈನ್ ಹೋಯ್ತು ಸಾರ್, ಇಂಜಿನ್ ಇಳಿಸ್ಬೇಕು.” ಮಾಲೀಕರ ಮುಖ ಬಾಡಿದಷ್ಟೂ ರಾಯರ ದನಿಗೆ ಗಾಂಭೀರ್ಯ ಬರುತ್ತದೆ.

ಸ್ಕ್ಯಾನರ್ ಪಾಪ ಸುಳ್ಳಾಡಿಲ್ಲ. ಅದು ಕೊಟ್ಟದ್ದು ದೂರು, ರಾಯರು ಅದನ್ನೇ ತೀರ್ಪು ಮಾಡಿಬಿಟ್ಟರು. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದು ಸುತ್ತು ಮುಗಿಸಬೇಕು, ಅದೂ ಗೊತ್ತಾದ ಕೋನಕ್ಕೆ ಸರಿಯಾಗಿ. ಎರಡು ಸೆನ್ಸರ್‌ಗಳು ಕಳಿಸಿದ ಲೆಕ್ಕ ತಾಳೆಯಾಗುತ್ತಿಲ್ಲ ಎಂಬಲ್ಲಿಗೆ ಕೋಡಿನ ಮಾತು ಮುಗಿಯಿತು. ಚೈನಿನ ಪಿನ್ನುಗಳು ಸವೆದು ಅದು ಉದ್ದವಾಗಿರಬಹುದು, ಟೆನ್ಷನರ್ ಸೋತಿರಬಹುದು. ಚೈನು ಗಟ್ಟಿಯಾಗಿದ್ದು ಸೆನ್ಸರಿನ ವೈರೇ ಸಡಿಲವಾಗಿರಬಹುದು. ಇದರ ದಾಯಾದಿ ಪಿ 0011 ಇನ್ನೂ ಸ್ವಾರಸ್ಯದ್ದು. ವಾಲ್ವ್ ಟೈಮಿಂಗ್ ಬದಲಿಸುವ ಇಂಜಿನ್‌ಗಳಲ್ಲಿ ಬಹುಪಾಲು ಕಡೆ ಕ್ಯಾಮನ್ನು ಹಿಂದೆಮುಂದೆ ತಿರುಗಿಸುವುದು ಇಂಜಿನ್ ಆಯಿಲಿನ ಒತ್ತಡವೇ. ಆಯಿಲ್ ತಗ್ಗಿದರೆ, ಅಥವಾ ಬದಲಿಸದೆ ಬಿಟ್ಟು ಅದು ಜಿಡ್ಡುಗಟ್ಟಿ ಕಂಟ್ರೋಲ್ ವಾಲ್ವಿನ ಜಾಲರಿ ಕಟ್ಟಿಕೊಂಡರೆ, ಕ್ಯಾಮ್ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡುವುದು. ರಾಯರು ಅದರ ತಂಟೆಗೆ ಹೋಗುವುದಿಲ್ಲ. ಕೈ ಕೊಳೆಯಾಗುತ್ತದೆ, ಮೇಲಾಗಿ ಡಿಪ್‌ಸ್ಟಿಕ್ಕಿಗೆ ಬ್ಲೂಟೂತ್ ಇಲ್ಲ.

ಗ್ಯಾರೇಜಿನವರು ಹೇಳಿದ ಬಿಲ್ಲಿಗೆ ತಲೆಯಾಡಿಸುವವರ ನಡುವೆ ರಾಯರಂಥವರು ಒಬ್ಬರಾದರೂ ಇರಲಿ ಎನ್ನಬಹುದು. ಒಪ್ಪಬೇಕಾದ್ದೇ. ಕೋಡ್ ಗೊತ್ತಿರುವ ಗಿರಾಕಿಗೆ ಟೋಪಿ ಹಾಕುವುದು ಸ್ವಲ್ಪ ಕಷ್ಟ. ಚೈನು ನಿಜಕ್ಕೂ ಹಲ್ಲು ಜಾರಿದ್ದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಖರ್ಚು ಎಲ್ಲೆ ಮೀರುತ್ತದೆ, ಹೆದರಿಸಿದ್ದೇ ಒಳ್ಳೆಯದಲ್ಲವೇ ಎಂಬ ವಾದಕ್ಕೂ ತೂಕವಿದೆ. ಆದರೆ ಆ ಹೆದರಿಕೆಯಿಂದ ಆಗಬೇಕಾದ್ದು ಗಾಡಿ ನಿಲ್ಲಿಸುವುದು. ಚೈನ್ ಕಿಟ್ ಆರ್ಡರ್ ಮಾಡುವುದಲ್ಲ. ಆಯಿಲ್, ವೈರಿಂಗ್ ನೋಡಿ, ಎರಡು ಸೆನ್ಸರ್‌ಗಳ ಅಲೆಗಳನ್ನು ಆಸಿಲೋಸ್ಕೋಪಿನಲ್ಲಿ ಒಟ್ಟಿಗಿಟ್ಟು ಹೋಲಿಸಿ, ಆಮೇಲೆ ಮುಚ್ಚಳ ಬಿಚ್ಚಬೇಕು. ಸ್ಕ್ಯಾನರನ್ನೇ ನಂಬದೆ ಇಂಜಿನ್ ಸದ್ದಿಗೆ ಕಿವಿಗೊಟ್ಟು ಹಣೆಬರಹ ಹೇಳುವ ಹಳೇ ಮೆಕ್ಯಾನಿಕ್ಕೂ ಪರೀಕ್ಷಿಸದೆ ತೀರ್ಪು ಕೊಡುವ ವಿಷಯದಲ್ಲಿ ರಾಯರ ಸ್ವಂತ ತಮ್ಮನೇ.

ಇಷ್ಟಾದರೂ ರಾಯರನ್ನು ಕ್ಷಮಿಸಬಹುದಿತ್ತು, ಹೋಗುವ ಮುನ್ನ ಅವರು ಕೋಡ್ ಅಳಿಸದೆ ಹೋಗಿದ್ದರೆ. ದೀಪ ಆರುತ್ತದೆ, ಮಾಲೀಕರು ಕಾಫಿಗೆ ಕರೆಯುತ್ತಾರೆ. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂದು ಕಂಪ್ಯೂಟರ್ ಬರೆದಿಟ್ಟ ಫ್ರೀಜ್ ಫ್ರೇಮೂ ಅದರ ಜೊತೆಗೇ ಅಳಿದುಹೋಗುತ್ತದೆ. ದೀಪ ಮತ್ತೆ ಹೊತ್ತಿ ಕಾರು ಗ್ಯಾರೇಜು ಸೇರಿದಾಗ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆಯೇ “ಮೊದಲ್ಸಲ ಬಂದಾಗ ಗಾಡಿ ಬಿಸಿ ಇತ್ತಾ, ತಣ್ಣಗಿತ್ತಾ ಸಾರ್?” ಮಾಲೀಕರು ರಾಯರಿಗೆ ಫೋನ್ ಮಾಡುತ್ತಾರೆ. ರಾಯರು ಮೂರನೇ ಮಹಡಿಯವರ ಡೀಸೆಲ್ ಗಾಡಿಯ ಕೆಳಗೆ ಬಿಜಿ.