ಕಾಲ್ಚೆಂಡಿನ ಚರಿತ್ರಕಾರರು

ಊರಿನಿಂದ ಬಂದ ಅತಿಥಿಗಳಿಗೆ ಅಂಬರನಾಥದ ಶಿವಾಲಯವನ್ನು ತೋರಿಸುವ ಭಾರ ನಮ್ಮ ನೆರೆಮನೆಯ ರಾಯರ ಮೇಲೆ ಬಿದ್ದಿತೆಂದರೆ, ಆ ಅತಿಥಿಗಳಿಗೆ ಶಿವನ ದರ್ಶನ ಕ್ಷಣಕಾಲವೂ ಕಾಲ್ಚೆಂಡಿನ ಶ್ರವಣ ಒಂದು ಜಾವವೂ ಆಗುವುದು ನಿಶ್ಚಯ. ವಾಲಧುನಿ ಹೊಳೆಯ ದಡದ ಆ ಕರಿಗಲ್ಲಿನ ದೇಗುಲವನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬುದು ಊರವರ ನಂಬಿಕೆ. ಅದು ಶಿಲಾಹಾರ ಅರಸರ ಕೆಲಸ, ಕಾಲ ಶಕವರ್ಷ 982, ಎಂದರೆ ಕ್ರಿ.ಶ. 1060 ಎಂಬುದು ಅಲ್ಲಿಯ ಶಾಸನದ ಮಾತು. ಗರ್ಭಗುಡಿಯ ಮೆಟ್ಟಿಲಿಳಿದು ಕೈಮುಗಿದು ಮೇಲೆ ಬಂದ ರಾಯರು, ಉಸಿರು ಹದಕ್ಕೆ ಬರುವ ಮುನ್ನವೇ ಪ್ರಾರಂಭಿಸುವರು: “ನೋಡಿ ಸ್ವಾಮೀ, ನಾಲ್ಕು ಸಾಲು ಕೆತ್ತಿಸಿದ್ದರಿಂದ ಶಿಲಾಹಾರರು ಉಳಿದುಕೊಂಡರು. ಕೆತ್ತಿಸಿಯೂ ಜನ ಪಾಂಡವರ ಹೆಸರನ್ನೇ ಹೇಳುತ್ತಾರೆ! ಇನ್ನು ಬರೆದೇ ಇಡದವರ ಪಾಡೇನು? ನಮ್ಮ ಅಹಮದ್ ಖಾನನ ಗತಿ ಏನಾಯಿತು, ಬಲ್ಲಿರಾ?”

ಅತಿಥಿಗಳು ಅಹಮದ್ ಖಾನನನ್ನು ಯಾವನೋ ಬಹಮನಿ ಸರದಾರನೆಂದು ಭಾವಿಸಿ ಗಂಭೀರವಾಗಿ ತಲೆದೂಗುವರು. ಆತ ಬೆಂಗಳೂರಿನ ಕಾಲ್ಚೆಂಡಾಟಗಾರನೆಂದೂ, ಆತನನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದವರು ವಿರಾಟನ ಗೋವುಗಳನ್ನು ಹಿಡಿದಂತೆ ಹಿಡಿದುಕೊಂಡು ಹೋದರೆಂದೂ, ಅಲ್ಲಿಯ ಮುಂಚೂಣಿಯ ಐವರಿಗೆ ಜನ ‘ಪಂಚಪಾಂಡವರು’ ಎಂದು ಹೆಸರಿಟ್ಟರೆಂದೂ ರಾಯರು ವಿವರಿಸುವಷ್ಟರಲ್ಲಿ ದೇವಸ್ಥಾನದ ಅಂಗಳದಲ್ಲಿ ಬಿಸಿಲು ಏರಿರುತ್ತದೆ. “ಇಲ್ಲಿಯೂ ಪಾಂಡವರು, ಅಲ್ಲಿಯೂ ಪಾಂಡವರು! ಶಿಲಾಹಾರನ ದೇವಾಲಯ ಹೋಯಿತು, ಬೆಂಗಳೂರಿನ ಹುಡುಗನೂ ಹೋದ,” ಎಂದು ಅವರು ನಿಟ್ಟುಸಿರಿಡುವಾಗ, ಮಹಾಭಾರತದಲ್ಲಿ ಕೌರವರ ಪಕ್ಷವನ್ನು ವಹಿಸಿದವರು ಹೀಗೆಯೇ ಇದ್ದಿರಬೇಕು ಎಂದು ನನಗೆ ಅನ್ನಿಸಿದ್ದುಂಟು.

ರಾಯರು ಬೆಂಗಳೂರು ಚಾಮರಾಜಪೇಟೆಯವರು. ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದ 1946ರ ಆಸುಪಾಸಿನಲ್ಲಿ ಜನಿಸಿದವರಾದುದರಿಂದ, ಎರಡು ಘಟನೆಗಳಿಗೂ ಏನೋ ಸಂಬಂಧವಿದೆಯೆಂಬ ನಂಬಿಕೆ ಅವರಿಗೆ ಇಲ್ಲದಿಲ್ಲ. ಯೌವನದಲ್ಲಿಯೇ ಅಂಬರನಾಥದ ಆರ್ಡ್‌ನನ್ಸ್ ಫ್ಯಾಕ್ಟರಿಗೆ ಬಂದು, ಸ್ಟೋರ್ಸ್ ವಿಭಾಗದಲ್ಲಿ ನಟ್ಟು ಬೋಲ್ಟುಗಳ ಲೆಕ್ಕವಿಟ್ಟು ನಿವೃತ್ತರಾದರು. ಇಡೀ ಜೀವಮಾನದಲ್ಲಿ ಅವರು ಚೆಂಡನ್ನು ಒದ್ದದ್ದು ಒಂದೇ ಬಾರಿ; ಅದು ನೆರೆಮನೆಯ ಶ್ರಾದ್ಧದ ಸಾರಿನ ಕೊಳದಪ್ಪಲೆಯಲ್ಲಿ ಬಿದ್ದಿತಂತೆ. ಅಂದಿನಿಂದ ಅವರು ಆಟವನ್ನು ಬಿಟ್ಟು ಇತಿಹಾಸವನ್ನು ಹಿಡಿದರು.

ಆ ಇತಿಹಾಸಗ್ರಂಥವನ್ನು ಕಣ್ಣಾರೆ ಕಂಡವರಿಗಲ್ಲದೆ ಅದರ ಮಹಿಮೆ ತಿಳಿಯಲಾರದು. ಉದ್ದನೆಯ ಲೆಡ್ಜರು, ಕೆಂಪು ಬಟ್ಟೆಯ ರಟ್ಟು, ಅಂಚಿಗೆ ಹತ್ತಿದ ಅರಿಶಿನದ ಬೆರಳಚ್ಚು. ಬೆರಳು ರಾಯರ ಪತ್ನಿಯವರದು, ಒಗ್ಗರಣೆಯ ನಡುವೆ ಅದನ್ನು ಒಲೆಯ ಬಳಿಯಿಂದ ಎತ್ತಿಟ್ಟ ದಿನಗಳ ಕುರುಹು. ಮೇಲೆ ಗುಂಡಕ್ಷರದಲ್ಲಿ ‘ಬೆಂಗಳೂರು ಕಾಲ್ಚೆಂಡು ವಿಜಯ’ ಎಂಬ ಹೆಸರು. ಒಳಗೆ ಹೊಡೆದ ಗೋಲು ಜಮಾ, ತಿಂದ ಗೋಲು ಖರ್ಚು, ಕೊನೆಯಲ್ಲಿ ಶಿಲ್ಕು, ಅದರಾಚೆ ಷರಾ. ಬಿನ್ ಕಾರ್ಡು ಬರೆದ ಕೈ ಬೇರೆ ಹೇಗೆ ತಾನೇ ಬರೆದೀತು? ಕಣ್ಣಾರೆ ಕಂಡದ್ದು, ಅಥವಾ ಇಬ್ಬರು ಸಾಕ್ಷಿಗಳು ಒಂದೇ ಮಾತಾಗಿ ಹೇಳಿದ್ದು, ಶಾಯಿಯಲ್ಲಿ. ಅದರಲ್ಲಿಯೂ ವಿಜಯವಾದರೆ ಕೆಂಪು ಶಾಯಿಯಲ್ಲಿ. ಮಿಕ್ಕ ಸಮಸ್ತವೂ ಪೆನ್ಸಿಲಿನಲ್ಲಿ. ಈ ನಿಯಮವನ್ನು ಅವರು ಮನುಸ್ಮೃತಿಗಿಂತ ಮಿಗಿಲಾಗಿ ಪಾಲಿಸುತ್ತಾರೆ.

ಗ್ರಂಥದ ನಾಯಕ ಬೆಂಗಳೂರು ಮುಸ್ಲಿಮ್ಸ್ ತಂಡ. ಏಕಾದಶಿಯ ದಿನ ನೀರನ್ನೂ ಎಣಿಸಿ ಕುಡಿಯುವ ಮಾಧ್ವ ಬ್ರಾಹ್ಮಣರು ಆ ತಂಡದ ನಾಮಸ್ಮರಣೆಯಲ್ಲಿ ಮೈಮರೆಯುವುದನ್ನು ಕಂಡು ಬಂಧುಗಳು ಮೊದಮೊದಲು ಬೆರಗಾಗುತ್ತಿದ್ದರು. ರಾಯರ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು: “ಹೆಸರಿನ ಮೊದಲನೆಯ ಪದ ಓದಿ ಸ್ವಾಮೀ. ಬೆಂಗಳೂರು!” 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಗೋರಾ ಪಲ್ಟನ್ನುಗಳು ತಮ್ಮತಮ್ಮಲ್ಲಿಯೇ ಹಂಚಿಕೊಂಡು ಉಂಡದ್ದು, 1923ರಲ್ಲಿ ಮೋಹನ್ ಬಾಗಾನ್ ಫೈನಲಿನ ತನಕ ನಡೆದು ಡರ್ಹಮ್ ಪಲ್ಟನ್ನಿಗೆ ಸೋತದ್ದು, ಕೊನೆಗೆ 1937ರಲ್ಲಿ ಬೆಂಗಳೂರಿನವರು ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿದ್ದು, ಮರುವರ್ಷವೂ ಗೆದ್ದದ್ದು, 1948ರಲ್ಲಿ ಇನ್ನೊಮ್ಮೆ ಗೆದ್ದದ್ದು—ಇವು ರಾಯರ ಸಂಧ್ಯಾವಂದನೆಯ ಮಂತ್ರಗಳು. 1937ರ ಪುಟ ಆದ್ಯಂತ ಕೆಂಪು. ಆಗ ತಾವಿನ್ನೂ ಹುಟ್ಟಿಯೇ ಇರಲಿಲ್ಲವಲ್ಲ, ಸಾಕ್ಷಿಗಳು ಯಾರು ಎಂದು ನಾನೊಮ್ಮೆ ಕೇಳಿದೆ. “ಇಬ್ಬರಿದ್ದಾರೆ. ಒಬ್ಬರು ನಮ್ಮ ತೀರ್ಥರೂಪರು. ಇನ್ನೊಬ್ಬರು, ತೀರ್ಥರೂಪರಿಗೆ ಹೇಳಿದವರು.”

ಈ ಚರಿತ್ರೆಯ ಪಾರಾಯಣಕ್ಕೆ ಪ್ರಶಸ್ತವಾದ ಸ್ಥಳ ಲೋಕಲ್ ಗಾಡಿ. ಮೂವರು ಕುಳಿತ ಹಲಗೆಯಲ್ಲಿ ನಾಲ್ಕನೆಯ ಸೀಟಿಗೆ ಜಾಗ ಮಾಡಿಕೊಡುವ ಉದಾರಿಗಳು ಮುಂಬಯಿಯಲ್ಲಿ ಕಡಮೆಯಾದುದರಿಂದ, ರಾಯರು ನಗುಮುಖದಿಂದ ಸರಿದು ಕರೆದಾಗ ಅಪರಿಚಿತನು ಕೃತಜ್ಞತೆಯಿಂದ ಕುಳಿತುಬಿಡುತ್ತಾನೆ. ಕುಳಿತ ಮೇಲೆ ಏಳುವುದಕ್ಕೆ ಕಲ್ಯಾಣದ ಜನಸಂದಣಿ ಬಿಡುವುದಿಲ್ಲ. ಉಲ್ಲಾಸನಗರದಲ್ಲಿ 1891, ಡೊಂಬಿವಲಿಯಲ್ಲಿ ಡರ್ಹಮ್ ಪಲ್ಟನ್ನು, ಠಾಣೆಯಲ್ಲಿ 1937. ಘಾಟಕೋಪರಕ್ಕೆ ಬರುವಾಗ ಒಲಿಂಪಿಕ್ಸ್. 1948ರ ಲಂಡನ್ನಿನಲ್ಲಿ ಫ್ರಾನ್ಸಿನ ಎದುರು ನಮ್ಮವರು, ಬಹುಮಂದಿ ಬರಿಗಾಲಿನವರು, 1-2ರಿಂದ ಸೋತರು. ಆ ಒಂದು ಗೋಲು ಮೈಸೂರಿನ ರಾಮನ್ ಹೊಡೆದದ್ದು. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ಎದುರು 1-10. ಆ ಒಂದು ಗೋಲು ಅಹಮದ್ ಖಾನನದು. “ಎರಡು ಒಲಿಂಪಿಕ್ಸ್, ಎರಡು ಗೋಲು, ಎರಡೂ ನಮ್ಮವು!” ಹಾಗಾದರೆ ಆ ಹತ್ತು? “ಆ ಹತ್ತು ಅಖಿಲ ಭಾರತದ ಖರ್ಚು. ಬೆಂಗಳೂರಿನ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ.” ಮಾಟುಂಗಾದಲ್ಲಿ ಜನ ಫಿಲ್ಟರ್ ಕಾಫಿಯ ನೆವ ಹೇಳಿ ಇಳಿದುಬಿಡುತ್ತಾರೆ, ಅವರಲ್ಲಿ ಕೆಲವರಿಗೆ ಮಸೀದ್ ಬಂದರಿನ ತನಕ ಟಿಕೆಟು ಇದ್ದುದನ್ನು ನಾನು ಬಲ್ಲೆ.

ಚರಿತ್ರಕಾರರಿಗೆ ಒದಗಿದ ದೊಡ್ಡ ಧರ್ಮಸಂಕಟ 2013ರಲ್ಲಿ. ಆ ವರ್ಷ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಹುಟ್ಟಿತು. ಹುಟ್ಟಿದ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. ಹಳೆಯ ತಂಡಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಆದರೆ ಊರು ಒಂದೇ. ಹೊಸ ಲೆಡ್ಜರು ತೆರೆಯಬೇಕೇ, ಹಳೆಯದರಲ್ಲಿಯೇ ಬರೆಯಬೇಕೇ? ರಾಯರು ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂಬತ್ತನೆಯ ದಿನ ಪತ್ನಿಯವರು ಹುಳಿ ಬಡಿಸುತ್ತ, “ಮಕ್ಕಳಿಲ್ಲದವರು ದತ್ತು ತೆಗೆದುಕೊಳ್ಳೋದಿಲ್ಲವೇ?” ಎಂದರು. ಅಷ್ಟೇ; ಅಂದೇ ರಾತ್ರಿ, 1948ರ ಪುಟದ ಕೆಳಗೆ ಅಡ್ಡಗೆರೆ ಎಳೆದು, ದತ್ತುಸ್ವೀಕಾರವನ್ನು ಯಥಾಶಾಸ್ತ್ರ ನಮೂದಿಸಿ, ನಡುವಣ 65 ವರ್ಷಗಳಿಗೆ ‘ಅಜ್ಞಾತವಾಸ’ ಎಂಬ ಶೀರ್ಷಿಕೆ ಕೊಟ್ಟರು. ಅಜ್ಞಾತವಾಸ ಪಾಂಡವರದಲ್ಲವೇ ಎಂದು ಎತ್ತಿ ತೋರಿಸುವಷ್ಟು ನಿರ್ದಯತೆ ನನಗೂ ಇರಲಿಲ್ಲ.

ಈಗ ನನ್ನ ಪಾಪದ ವಿಚಾರಕ್ಕೆ ಬರುತ್ತೇನೆ. 2019ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಫೈನಲ್ ಅಂಧೇರಿಯಲ್ಲಿ. ಬೆಂಗಳೂರಿಗೂ ಗೋವಾಕ್ಕೂ ಪಂದ್ಯ. ತಮ್ಮ ತಂಡ ಕಿರೀಟಕ್ಕಾಗಿ ಕಾದಾಡುವುದನ್ನು ಪ್ರತ್ಯಕ್ಷವಾಗಿ ಕಾಣುವ ಯೋಗ ರಾಯರಿಗೆ ಜನ್ಮದಲ್ಲಿ ಅದೇ ಮೊದಲು. ಲೆಡ್ಜರನ್ನು ಅಂಗವಸ್ತ್ರದಲ್ಲಿ ಸುತ್ತಿ, ನನ್ನನ್ನೂ ಎಳೆದುಕೊಂಡು ಹೊರಟರು. ಅಡಿಕೋಲು ಮಾತ್ರ ಮನೆಯಲ್ಲಿ ಉಳಿಯಿತು. ಮೊಮ್ಮಗ ಅದನ್ನು ಭೂಮಿತಿಯ ಪಾಠಕ್ಕೆಂದು ಒಯ್ದು ತನ್ನ ಚೀಲದಲ್ಲಿಯೇ ಮರೆತಿದ್ದ.

ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಆಟವೂ ಮುಗಿಯುತ್ತ ಬಂದಿತು. ಇನ್ನು ಪೆನಾಲ್ಟಿಯೇ ಗತಿಯೆಂದು ಚರಿತ್ರಕಾರರ ದೂರದೃಷ್ಟಿಯಿಂದ ತೀರ್ಮಾನಿಸಿದ ರಾಯರು, ಆ ಕಡೆಗೆ ಐದು ಈ ಕಡೆಗೆ ಐದು ಮನೆಗಳ ಕೋಷ್ಟಕವೊಂದನ್ನು ಮುಂಗಡವಾಗಿ ಸಿದ್ಧಪಡಿಸತೊಡಗಿದರು. ಅಡಿಕೋಲಿಲ್ಲದೆ ಟಿಕೆಟಿನ ಅಂಚನ್ನು ಹಿಡಿದು ಗೆರೆ ಎಳೆಯಬೇಕಾದುದರಿಂದ ಎರಡು ಕಣ್ಣೂ ಹತ್ತು ಬೆರಳೂ ಪುಟದ ಮೇಲೆಯೇ ನೆಟ್ಟಿದ್ದವು. ನಾನೋ, ದಾದರಿನಲ್ಲಿ ಕರ್ಜತ್ ಲೋಕಲ್ ಸಿಕ್ಕೀತೇ ಎಂದು ಕೈಗಡಿಯಾರದೊಡನೆ ಗುಣಾಕಾರ ನಡೆಸಿದ್ದೆ. 117ನೆಯ ನಿಮಿಷ. ಆಕಾಶ ಹರಿದಂಥ ಒಂದು ಘೋಷ. ರಾಯರು ತಲೆಯೆತ್ತುವಷ್ಟರಲ್ಲಿ ನೀಲಿ ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಗೋಪುರವಾಗಿದ್ದರು.

“ಏನಾಯಿತು? ಯಾರು? ಯಾರು?”

ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಮರಾಠಿ ತರುಣನೊಬ್ಬ, ಹೊಡೆದವನು ರಾಹುಲ್ ಭೇಕೆ ಎಂದು ಹೇಳಿ, ಆತ ಮುಂಬಯಿಯವನೆಂಬ ಹೆಮ್ಮೆಯಿಂದ, “ಗೋಲ್ ತುಮ್ಚಾ, ಪಣ್ ಪೋರ್ಗಾ ಆಮ್ಚಾ!” ಎಂದು ನಕ್ಕು ಸಿಪ್ಪೆ ಕೊಡವಿ ಎದ್ದುಹೋದ. ಬೆಂಗಳೂರು 1-0ರಿಂದ ಗೆದ್ದಿತು.

ಹಿಂತಿರುಗುವಾಗ ಗಾಡಿಯಲ್ಲಿ ರಾಯರ ಮುಖದಲ್ಲಿ ವಿಜಯದ ಕಳೆಯಿರಲಿಲ್ಲ. ಹೆಸರು ತಿಳಿಯದ ತರುಣನು ಸಾಕ್ಷಿಯಾಗಲಾರ. ನಾಳಿನ ಪತ್ರಿಕೆ ಒಂದು ಸಾಕ್ಷಿ, ಇನ್ನೊಂದು ಬೇಕು. ಕುರ್ಲಾ ದಾಟಿದ ಮೇಲೆ ಮೆಲ್ಲಗೆ, “ನೀವು ನೋಡಿದಿರಷ್ಟೇ?” ಎಂದರು. ಆ ದೈನ್ಯವನ್ನು ಕಂಡು ಕರುಳು ಚುರುಕ್ಕೆಂದು, ನೋಡಿದೆನೆಂದುಬಿಟ್ಟೆ. ಲೆಡ್ಜರು ತೆರೆಯಿತು, ಕೆಂಪು ಲೇಖನಿಯ ಟೋಪಿ ಕಳಚಿತು. “ಕಾಲಿನಿಂದಲೋ ತಲೆಯಿಂದಲೋ?” ಕಾಲ್ಚೆಂಡೆಂದ ಮೇಲೆ ಕಾಲೇ ಇರಬೇಕೆಂಬ ಸಾಮಾನ್ಯ ತರ್ಕದಿಂದ, “ಕಾಲಿನಿಂದಲೇ ರಾಯರೇ, ಅದೂ ಬಲಗಾಲು!” ಎಂದು ಬಣ್ಣ ಕಟ್ಟಿ ಹೇಳಿದೆ.

ಮರುದಿನ ಬೆಳಗ್ಗೆ ಪತ್ರಿಕೆಯ ಮೊದಲ ಸಾಲಿನಲ್ಲಿಯೇ ಇತ್ತು: ಮೂಲೆಯೊದೆತದಿಂದ ಬಂದ ಚೆಂಡನ್ನು ಭೇಕೆ ತಲೆಯಿಂದ ಗೋಲಿಗೆ ತಳ್ಳಿದ. ರಾಯರು ನನ್ನೊಡನೆ ಏನೂ ಮಾತನಾಡಲಿಲ್ಲ. ಕಾಫಿ ಕೊಟ್ಟರು, ಮಳೆಗಾಲದ ವಿಷಯ ತೆಗೆದರು. ಇತ್ತೀಚೆಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಆ ಪುಟವನ್ನು ಕದ್ದು ನೋಡಿದೆ. ದಿನಾಂಕ, ಸ್ಥಳ, ಎದುರಾಳಿ, ಎಲ್ಲವೂ ಶಾಯಿಯಲ್ಲಿವೆ. ಗೋಲಿನ ಸಾಲು ಮಾತ್ರ ಪೆನ್ಸಿಲಿನಲ್ಲಿದೆ. ಅದರ ಮುಂದೆ, ಷರಾದ ಕಾಲಮ್ಮಿನಲ್ಲಿ, ನನ್ನ ಹೆಸರಿನ ಎದುರಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿದ್ದಾರೆ: ‘ಈ ಸಾಕ್ಷಿಯು ನಂಬತಕ್ಕವನಲ್ಲ.’