'ಹಾಯ್ ಗಾಯ್ಸ್' ಮೀಮಾಂಸೆ

ಇನ್ನು ಆಂಗ್ಲವಾಕ್ ಜಿಜ್ಞಾಸೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ತೆಂಗಿನ ತ್ರಿಕೋನದಲ್ಲಿ ಹೈಸ್ಕೂಲು ಮಕ್ಕಳ ಬಾಯಿಗೆ ಇಂಗ್ಲಿಷ್ ಎಲ್ಲಿಂದ ಬಂತು?

ಪೂರ್ವಪಕ್ಷ: ಶಾಲೆಯಿಂದ. ಇದು ನಿಲ್ಲದು. ಶಾಲೆಯಲ್ಲಿ ಆಕ್ಟಿವ್ ವಾಯ್ಸ್ ಉಂಟು, ಪ್ಯಾಸಿವ್ ವಾಯ್ಸ್ ಉಂಟು, ಮಕ್ಕಳ ವಾಯ್ಸ್ ಇಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗೆ ಕೈ ಸಾಕು, ಬಾಯಿ ಬೇಡ.

ಸಿದ್ಧಾಂತ: ಫೋನಿನಿಂದ. ಇದಕ್ಕೆ ಪ್ರಮಾಣ ಮೂರು.

ಪ್ರತ್ಯಕ್ಷ: ತೋಟದಲ್ಲಿ ಗರಿ ಎಳೆಯುತ್ತಿರುವ ಹುಡುಗ 'ಹಾಯ್ ಗಾಯ್ಸ್, ವೆಲ್ಕಮ್ ಬ್ಯಾಕ್ ಟು ಮೈ ಚಾನೆಲ್' ಎನ್ನುತ್ತಾನೆ. ಅವನಿಗಿರುವ ಚಾನೆಲ್ ಹೇಮಾವತಿ ನಾಲೆಯೊಂದೇ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, 'ಬ್ರೋ' ಇದ್ದಲ್ಲಿ ಡೇಟಾ ಪ್ಯಾಕ್. 2016ರಲ್ಲಿ ಜಿಯೊ ಬರುವತನಕ ಇಲ್ಲಿ 'ಮಗಾ' ಒಂದೇ ಚಲಾವಣೆಯಲ್ಲಿತ್ತು.

ಆಪ್ತವಾಕ್ಯ: ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲೇ ಹೇಳಿದರು: ನಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿನ, ಆದರೆ ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಭಾಷೆ ಒಳಗೇ ಬೆಳೆಯುತ್ತದೆ, ಮೊದಮೊದಲು ಮೌನ ಸಹಜ. ಇದರಲ್ಲಿ ಹೊಸದೇನು? ನಮ್ಮ ರೈತರು ಕಾಯನ್ನು ಅಟ್ಟಕ್ಕೆ ಹಾಕಿ ಹತ್ತಿರಹತ್ತಿರ ವರ್ಷ ಬಿಡುತ್ತಾರೆ. ನೀರು ಇಂಗಿ, ಗಿಟುಕು ಒಳಗೆ ಲೊಟಲೊಟ ಎಂದ ಮೇಲೆಯೇ ಸುಲಿಯುತ್ತಾರೆ. ಕ್ರಾಶೆನ್ ತಿಪಟೂರಿನ ಎಪಿಎಂಸಿಯನ್ನು ಒಂದು ಸಲ ಸುತ್ತಿದ್ದರೆ ಅವರ ಪುಸ್ತಕ ಅರ್ಧಕ್ಕಿಳಿಯುತ್ತಿತ್ತು.

ರಸವಿಚಾರ: 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆಲಂಕಾರಿಕರು ಎಣಿಸಿದ ಸಂಚಾರಿ ಭಾವಗಳು ಮೂವತ್ತಮೂರು. ಅದೇ ಸೀಮೆಯ ಮಕ್ಕಳು ಮೂವತ್ತನಾಲ್ಕನೆಯದನ್ನು ಸೇರಿಸಿದ್ದಾರೆ: 'ಡೋಂಟ್ ಫರ್ಗೆಟ್ ಟು ಸಬ್‌ಸ್ಕ್ರೈಬ್'.

ಆಕ್ಷೇಪ: ಬಸ್ ಸ್ಟ್ಯಾಂಡಿನಲ್ಲಿ ಹೊರರಾಜ್ಯದ ವರ್ತಕನೊಬ್ಬ 'ವೇರ್ ಈಸ್ ದ ಮಾರ್ಕೆಟ್?' ಎಂದರೆ ಅದೇ ಹುಡುಗ 'ಆಕ್ಚುವಲಿ...' ಎಂದು ಕೈ ತೋರಿಸಿ, 'ಥ್ಯಾಂಕ್ಯೂ ಸೋ ಮಚ್' ಎನ್ನುತ್ತಾನೆ. ಆದಿಯುಂಟು, ಅಂತ್ಯವುಂಟು, ನಡುವೆ ಬರೀ ಬೆರಳು. ಈ ಆಕ್ಷೇಪ ಸಾಧುವೇ. ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚಿನಲ್ಲೇ ಪಾಠ ಕೇಳಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಮಾತಾಡುವಾಗ ತಡವರಿಸಿದ್ದನ್ನು ಕಂಡು, ಆಡದೆ ಭಾಷೆ ಪಳಗದು ಎಂದು ಭಾಷಾತಜ್ಞೆ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ವಿಡಿಯೊ ಎಷ್ಟೇ ಮಾತಾಡಲಿ, 'ಏನಂದೆ?' ಎಂದು ತಿರುಗಿ ಕೇಳುವುದಿಲ್ಲ.

ಸಮಾಧಾನ: ಅಟ್ಟದ ಕಾಯಿ ತಾನೇ ಇಳಿದು ಬಂದು ಸುಲಿದುಕೊಂಡ ಉದಾಹರಣೆ ಮೂರು ತಾಲ್ಲೂಕಿನಲ್ಲೂ ಇಲ್ಲ. ಯಾರಾದರೂ ಹತ್ತಬೇಕು.

ಫಲಶ್ರುತಿ: ಇದನ್ನೋದಿ ಮನೆಯ ಮಗುವನ್ನು ದಿನಕ್ಕೊಂದು ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿ, ಉತ್ತರ ಮುಗಿಯುವತನಕ ಕಾಯುವವರಿಗೆ ಕೊಬ್ಬರಿ ಹರಾಜಿನಲ್ಲಿ ಒಳ್ಳೆಯ ರೇಟು ಸಿಗಲಿ. ನಡುವೆ ಬಾಯಿ ಹಾಕಿ ವ್ಯಾಕರಣ ತಿದ್ದುವವರ ತೋಟಕ್ಕೆ ನುಸಿ ಬೀಳಲಿ.