ಕಲ್ಲು ನಮ್ಮದು, ನಂಬರು ನಿಮ್ಮದು

ಹಳೇ ಚರಿತ್ರೆಯ ಪುಸ್ತಕ ಕೂಡಿಡುವವರ ಮನೆ ಪತ್ತೆ ಹಚ್ಚುವುದು ಕಷ್ಟವಲ್ಲ. ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ. ಬಂದವರಿಗೆ ಕುರ್ಚಿ ತೋರಿಸುವಂತಿಲ್ಲ. ಅಲ್ಲಿ ಆಗಲೇ ಗೆಜೆಟಿಯರ್ ಕೂತಿರುತ್ತದೆ. ದಾವಣಗೆರೆಯಲ್ಲಿ ಅಂಥದೊಂದು ಮನೆ ನಮ್ಮದು. ಊರವರು ಮೆಕ್ಕೆಜೋಳದ ದರ ವಿಚಾರಿಸಿದರೆ ನಾನು ವಿಚಾರಿಸುವುದು ರದ್ದಿ ದರ. ಗುಜರಿಯವನು ಪುಸ್ತಕ ಬಂದ ಕೂಡಲೇ ರಟ್ಟು ಕಿತ್ತು ಬೇರೆ ಒಟ್ಟುತ್ತಾನೆ, ರಟ್ಟಿನ ರೇಟೇ ಬೇರೆಯಂತೆ. ಅವನು ಕೀಳುವುದರೊಳಗೆ ಹೋಗಿ ಮುಟ್ಟಬೇಕು. "ಇದ್ರಾಗೆ ಯಾರಾರ ನೋಟು ಇಟ್ಟಾರೇನ್ರೀ ಸರ?" ಅಂತ ಅವನಿಗೆ ಅನುಮಾನ.

ನನ್ನ ಕಪಾಟಿನ ಯಜಮಾನ ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೊಂದನೇ ಸಂಪುಟ. ನಮ್ಮ ಸೀಮೆಯ ಶಾಸನಗಳು ಇರುವುದು ಇದರಲ್ಲೇ. ಆದರೆ ಹೆಸರು ಮಾತ್ರ ಚಿತ್ರದುರ್ಗದ್ದು; ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ರೈಸ್ ಸಾಹೇಬರು ಅಷ್ಟು ದಿನ ಕಾಯಲಾದೀತೇ? ಒಳಗೆ ಇನ್ನೊಂದು ಫಜೀತಿ. ಹರಿಹರದ ಶಾಸನಗಳಿಗೂ ದಾವಣಗೆರೆ ತಾಲ್ಲೂಕಿನ ನಂಬರು! ಹರಿಹರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಅವನಿಗೂ ಇದೇ ಹುಚ್ಚು. ಆ ನಂಬರು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಪೊಲಾಳ್ವ ದಂಡನಾಥ 1224ರಾಗೆ ಗುಡಿ ಕಟ್ಟಿಸಿದ್ದು ಹರಿಹರದಾಗಲೇ. ಕಲ್ಲು ನಮ್ಮದು, ನಂಬರು ನಿಮ್ಮದು. ಇದ್ಯಾವ ನ್ಯಾಯ?"

ಜಗಳ ಏನೇ ಇರಲಿ, ಸಂಪುಟ ಹೊತ್ತು ಹರಿಹರೇಶ್ವರನ ಗುಡಿಗೆ ಹೋಗುವುದು ಇಬ್ಬರೂ ಕೂಡಿಯೇ. ಅವನು ಕಲ್ಲು ಓದುತ್ತಾನೆ, ನಾನು ಪುಟ ಓದುತ್ತೇನೆ. ಕಲ್ಲಿನಲ್ಲಿ ಸವೆದ ಅಕ್ಷರ ಪುಟದಲ್ಲಿ ಸಿಗುತ್ತದೆ. ಪುಟದಲ್ಲಿ ಗೆದ್ದಲು ನುಂಗಿದ್ದನ್ನು ಕಲ್ಲು ಹೇಳಿಕೊಡುತ್ತದೆ. ಪುಸ್ತಕ ಕೂಡಿಡುವುದು ಯಾಕೆ ಅಂತ ಕೇಳುವವರನ್ನು ಒಮ್ಮೆ ಅಲ್ಲಿಗೇ ಕರೆದುಕೊಂಡು ಹೋಗಬೇಕು. ಪ್ರದಕ್ಷಿಣೆ ಬಂದ ಅಜ್ಜಿಯೊಬ್ಬರು "ಯಾವ ಸ್ತೋತ್ರನಪ್ಪಾ?" ಅಂದರು. "ಭೂದಾನದ್ದಮ್ಮ" ಅಂದೆ. ಕೈಮುಗಿದು ಮುಂದೆ ಹೋದರು.

ಪ್ರವಾಸಿ ಫ್ರಾನ್ಸಿಸ್ ಬುಕನನ್ ಕೂಡ 1801ರಲ್ಲಿ ಈ ದಾರಿಯಲ್ಲೇ ಹೋದವನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಸಲಿ ಪ್ರತಿ ನನ್ನಂಥವನ ಕೈಗೆಟುಕುವ ಮಾಲಲ್ಲ, ಇರುವುದು ಮರುಮುದ್ರಣ. ನಮ್ಮೂರ ಕಂಬಳಿ ವ್ಯಾಪಾರವನ್ನು ಆಸಾಮಿ ಮನಸ್ಸಿಟ್ಟು ಬರೆದಿದ್ದಾನೆ. ಬೆಣ್ಣೆದೋಸೆಯ ಸುದ್ದಿಯೇ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಬೆಣ್ಣೆಗೂ ಪುಸ್ತಕಕ್ಕೂ ಆಗಿಬರುವುದಿಲ್ಲ: ಹರಿಹರದ ಗೆಳೆಯ ಬಂದಾಗಲೆಲ್ಲ ದೋಸೆ ತಿನ್ನಿಸಿ, ಸೋಪು ಹಚ್ಚಿ ಕೈ ತೊಳೆಸಿ, ಟವೆಲ್ಲಿನಿಂದ ಬೆರಳು ಬೆರಳೂ ಒರೆಸಿಕೊಂಡ ಮೇಲೆಯೇ ನಾನು ಕಪಾಟಿನ ಕೀಲಿ ತೆಗೆಯುವುದು.

"ನಿಮ್ಮ ಕಾಲ ಆದಮೇಲೆ ಇವನ್ನೆಲ್ಲ ಯಾರು ನೋಡ್ತಾರ್ರೀ?" ಅಂತ ಮನೆಯಾಕೆ ಆಗಾಗ ಕೇಳುತ್ತಾಳೆ. ಒಮ್ಮೆ ಉತ್ತರವಾಗಿ ನಾನು ಅಂಕೇಗೌಡರ ಕತೆ ತೆಗೆದೆ. ಬಸ್ ಕಂಡಕ್ಟರಾಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕದ 'ಪುಸ್ತಕ ಮನೆ' ಮಾಡಿದ್ದಾರೆ, ಯಾರು ಬೇಕಾದರೂ ಹೋಗಿ ಓದಬಹುದು ಅಂದೆ. ಮೆಚ್ಚಿಕೊಂಡೇ ಕೇಳಿದಳು. ಅದಕ್ಕಾಗಿ ಮೈಸೂರಿನ ಆಸ್ತಿಯನ್ನೂ ಮಾರಿದರಂತೆ ಅಂದೆ ನೋಡಿ, ಮರುದಿನವೇ ನಮ್ಮ ಸೈಟಿನ ಪತ್ರ ಬೀರುವಿನಿಂದ ಅವಳ ತವರಿಗೆ ಹೋಯಿತು.